ಸುಮ್ನೆ ಒಂದು ಸಹಿ

‘ಅಮೆರಿಕದಲ್ಲಿರುವ ಮಗ ಬಾಡಿಗೆಗೆ ಕೊಡಲೆಂದೇ ಎರಡನೇ ಮನೆ ಕೊಂಡಿದ್ದಾನೆ. ಬಡ್ಡಿ ಕಡಿಮೆಯಾಗುತ್ತೆ ಅಂತ ಏಜೆಂಟ್ ಹೇಳಿದ್ದಕ್ಕೆ ಸಾಲದ ಅರ್ಜಿಯಲ್ಲಿ “ನಾನೇ ವಾಸ ಮಾಡ್ತೀನಿ” ಎಂದು ಬರೆದನಂತೆ. ಕಂತು ತಪ್ಪದೆ ಕಟ್ಟುತ್ತಿದ್ದಾನೆ. ಯಾರಿಗೂ ನಷ್ಟವಿಲ್ಲ. ಇದೂ ಅಪರಾಧವೇ?’
– ಓದುಗರೊಬ್ಬರು

ಹೌದು, ಅಪರಾಧವೇ. ಮುಚ್ಚಿಡದೆ ಬರೆದಿದ್ದೀರಿ, ಅದು ಮೆಚ್ಚುಗೆಯಾಯಿತು. ಆದರೆ ‘ಯಾರಿಗೂ ನಷ್ಟವಿಲ್ಲ’ ಅಂದಿರಲ್ಲ, ಆ ಮಾತು ಒಪ್ಪಲಾರೆ. ಕಷ್ಟ ಬಂದಾಗ ಜನ ಮೊದಲು ಕೈಬಿಡುವುದು ಬಾಡಿಗೆಗೆ ಕೊಟ್ಟ ಮನೆಯ ಕಂತನ್ನು. ಅದಕ್ಕೇ ಅಂಥ ಸಾಲಕ್ಕೆ ಬಡ್ಡಿ ಜಾಸ್ತಿ. ಆ ಬಡ್ಡಿಯನ್ನೇ ನಿಮ್ಮ ಮಗ ತಪ್ಪಿಸಿಕೊಂಡಿದ್ದಾನೆ.

ಅಮೆರಿಕದ ಫೆಡರಲ್ ಸಂಹಿತೆಯ 18ನೇ ಭಾಗದ 1014ನೇ ಸೆಕ್ಷನ್ ನೋಡಿ. ಸಾಲಕ್ಕಾಗಿ ಬ್ಯಾಂಕಿಗೆ ಗೊತ್ತಿದ್ದೂ ಸುಳ್ಳು ಹೇಳಿದರೆ 30 ವರ್ಷದವರೆಗೆ ಜೈಲು, 10 ಲಕ್ಷ ಡಾಲರ್‌ವರೆಗೆ ದಂಡ. ಬ್ಯಾಂಕಿಗೆ ನಷ್ಟ ಆಗಿರಲೇಬೇಕು ಎಂದೇನಿಲ್ಲ. ಆ ಸುಳ್ಳು ಬ್ಯಾಂಕಿನ ತೀರ್ಮಾನ ಬದಲಿಸುವಷ್ಟು ದೊಡ್ಡದಾಗಿರಬೇಕಿಲ್ಲ ಎಂದೂ ಅಲ್ಲಿನ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಕೇಸು ಹಾಕಲು 10 ವರ್ಷ ಕಾಲಾವಕಾಶವಿದೆ. ಕೇಸಿಲ್ಲದೆಯೂ ಬ್ಯಾಂಕು ಪೂರ್ತಿ ಸಾಲವನ್ನು ಒಮ್ಮೆಲೇ ಕೇಳಬಹುದು.

ನಿಮ್ಮ ಸಮಾಧಾನಕ್ಕೆ ಇಷ್ಟು ಹೇಳಬಲ್ಲೆ: 30 ವರ್ಷ ಎನ್ನುವುದು ಗರಿಷ್ಠ, ಎಲ್ಲರಿಗೂ ಅಷ್ಟು ಬೀಳುವುದಿಲ್ಲ. ನಿಜವಾಗಿ ಇರಲೆಂದೇ ಕೊಂಡು, ಆಮೇಲೆ ಕೆಲಸ ಬೇರೆ ಊರಿಗೆ ಬದಲಾದರೆ ಅದು ಸುಳ್ಳಾಗುವುದಿಲ್ಲ.

ನನ್ನ ಗೆಳೆಯನೊಬ್ಬ ಅಲ್ಲೇ ಮನೆ ಕೊಳ್ಳುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಮೇಜಿನ ಮೇಲೆ ಗೇಣುದ್ದದ ಕಾಗದದ ಕಟ್ಟು. ಸಹಿ ಬೇಕಾದ ಕಡೆಯೆಲ್ಲ ಹಳದಿ ಚೀಟಿ. ಏಜೆಂಟ್ ಪುಟ ಮಗುಚುತ್ತಾ ಬೆರಳು ತೋರಿಸುತ್ತಿದ್ದ, ಇವನು ಸಹಿ ಹಾಕುತ್ತಿದ್ದ. ಒಂದು ಕಾಗದದಲ್ಲಿ, ಮಾವ ಕೊಟ್ಟ ಹಣ ಉಡುಗೊರೆ, ವಾಪಸ್ ಕೊಡಬೇಕಿಲ್ಲ ಎಂದಿತ್ತು. ಗೆಳೆಯ ಪೆನ್ನು ಕೆಳಗಿಟ್ಟ. ‘ಇದು ಕೈಸಾಲ, ತೀರಿಸಬೇಕು’ ಅಂದ. ಏಜೆಂಟ್ ಮುಖ ಗಂಟು ಹಾಕಿಕೊಂಡ. ಆ ಕೈಸಾಲವೂ ಲೆಕ್ಕಕ್ಕೆ ಬಂದು ಬ್ಯಾಂಕಿನ ಸಾಲ ಕಡಿಮೆ ಸಿಕ್ಕಿತು. ಗೆಳೆಯ ಚಿಕ್ಕ ಮನೆ ಕೊಂಡ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಆ ಅಡುಗೆಮನೆಯಲ್ಲಿ ಊಟ ಮಾಡಿದಾಗಲೆಲ್ಲ ನನಗೆ ಅವನ ಬಗ್ಗೆ ಹೆಮ್ಮೆಯಾಗುತ್ತದೆ.

ನನಗೆ ನಿಜವಾದ ಸಿಟ್ಟು ಇರುವುದು ‘ಎಲ್ಲರೂ ಹೀಗೇ ಬರೆಯೋದು’ ಅನ್ನುವವರ ಮೇಲೆ. 2008ಕ್ಕೆ ಮುಂಚೆ ಅಲ್ಲಿ ಆದಾಯದ ದಾಖಲೆ ಕೇಳದೆ, ಹೇಳಿದ್ದನ್ನೇ ನಂಬಿ ಸಾಲ ಕೊಟ್ಟರು. ಅದಕ್ಕೆ ‘ಸುಳ್ಳುಗಾರರ ಸಾಲ’ ಎಂದೇ ಹೆಸರು ಬಿತ್ತು. ಕೊಡಿಸಿದವರು ಕಮಿಷನ್ ಎಣಿಸಿಕೊಂಡು ಹೋದರು, ಸಂಸಾರಗಳು ಮನೆ ಕಳೆದುಕೊಂಡವು. ತೀರಿಸುವ ಶಕ್ತಿಯನ್ನು ದಾಖಲೆ ನೋಡಿಯೇ ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮ ಜಾರಿಗೆ ಬಂದದ್ದು 2014ರ ಜನವರಿಯಲ್ಲಿ. ಎಷ್ಟು ತಡ ನೋಡಿ!

ಇವತ್ತೇ ಮಗನಿಗೆ ಫೋನ್ ಮಾಡಿ. ಬ್ಯಾಂಕಿಗೆ ಏನನ್ನಾದರೂ ಬರೆಯುವ ಮೊದಲು ವಕೀಲರನ್ನು ಕಾಣಲಿ. ಅರ್ಜಿಯ ಪ್ರತಿ ಜೊತೆಗಿರಲಿ. ಸುಳ್ಳು ಹೇಳಿದರೆ ಶಿಕ್ಷೆಯುಂಟು ಎಂದು ಸಹಿಯ ಜಾಗಕ್ಕಿಂತ ಮೇಲೆಯೇ ಅಚ್ಚಾಗಿದೆ. ಈ ಸಲವಾದರೂ ಅದನ್ನು ಓದಿಕೊಂಡು ಹೋಗಲಿ.

– ಸಂಪಾದಕ