'ನಾಯಿ ತರಬಹುದು' ಅಂದ ಹೋಟೆಲ್‌ಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ

ರಜೆ ಹತ್ತಿರ ಬಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಉಳಿದ ದಿನಗಳಲ್ಲಿ ತುರಿಕೆ, ವಾಂತಿ, ಕುಂಟುವ ಕಾಲು. ರಜೆ ಬಂತೆಂದರೆ 'ಡಾಕ್ಟ್ರೇ, ನಾಯೀನ ಎಲ್ಲಿಗೆ ಕರ್ಕೊಂಡು ಹೋಗಬಹುದು, ಎಲ್ಲಿ ಉಳಿಯೋದು' ಎಂಬ ಪ್ರಶ್ನೆ. ಪಶುವೈದ್ಯನಾಗಿ ನನಗೆ ಇದು ಖುಷಿ ಕೊಡುವ ಪ್ರಶ್ನೆ. ನಾಯಿಯನ್ನು ಮನೆಯವರಲ್ಲಿ ಒಬ್ಬ ಅಂದುಕೊಂಡವರು ಮಾತ್ರ ಹೀಗೆ ಕೇಳುತ್ತಾರೆ. ಈ ಸಲದ ಏಳು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ, ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ಬುಕಿಂಗ್ ಮಾಡುವಾಗ 'ಪೆಟ್ಸ್ ಅಲೋಡ್' ಅಂತಲೇ ಇತ್ತು. ಅಲ್ಲಿಗೆ ಹೋದ ಮೇಲೆ ನಮ್ಮ ನಾಲ್ಕು ವರ್ಷದ ಲ್ಯಾಬ್ರಡಾರ್‌ನನ್ನು ಪಾರ್ಕಿಂಗ್ ಪಕ್ಕದ ಶೆಡ್‌ನಲ್ಲಿ ಕಟ್ಟಿ ಅಂದರು. ರಾತ್ರಿಯೆಲ್ಲ ಅವನು ಅಳುತ್ತಲೇ ಇದ್ದ, ನಾವು ಕಾರಿನಲ್ಲೇ ಮಲಗಿದೆವು. ನಿಜವಾಗಿ ನಾಯಿಗೆ ಒಗ್ಗುವ ಹೋಟೆಲ್ ಹುಡುಕುವುದು ಹೇಗೆ?

ನಿಮ್ಮ ಪತ್ರ ಓದಿ ಸಂಕಟವಾಯಿತು. ತಪ್ಪು ನಿಮ್ಮದಲ್ಲ. 'ಅಲೋಡ್' ಎಂಬ ಪದಕ್ಕೆ ಒಬ್ಬೊಬ್ಬರದು ಒಂದೊಂದು ಅರ್ಥ. ಒಬ್ಬರಿಗೆ ನಾಯಿ ಕೋಣೆಯೊಳಗೆ ಮಲಗಬಹುದು ಅಂತ. ಇನ್ನೊಬ್ಬರಿಗೆ ಗೇಟಿನೊಳಗೆ ಬರಬಹುದು ಅಂತ, ಅಷ್ಟೇ. ಬುಕಿಂಗ್ ಆ್ಯಪ್‌ಗಳಲ್ಲಿರುವ ಪೆಟ್ ಫಿಲ್ಟರ್ ಹುಡುಕಾಟ ಶುರು ಮಾಡಲು ಒಳ್ಳೆಯದು. ಆದರೆ ಅದನ್ನೇ ನಂಬಿ ದುಡ್ಡು ಕಟ್ಟಬೇಡಿ, ಫೋನ್ ಮಾಡಿ.

ಫೋನಿನಲ್ಲಿ ನಿಮ್ಮ ನಾಯಿಯ ಬಗ್ಗೆ ಇದ್ದದ್ದು ಇದ್ದಂತೆ ಹೇಳಿ. ಲ್ಯಾಬ್ರಡಾರ್, ನಾಲ್ಕು ವರ್ಷ, ತೂಕ ಇಷ್ಟು. ಎಷ್ಟೋ ಕಡೆ ಇಷ್ಟು ಕೆಜಿ ಮೇಲಿನ ನಾಯಿ ಬೇಡ ಅಂತ ನಿಯಮವಿರುತ್ತದೆ, ಅದನ್ನು ಬಾಗಿಲಲ್ಲಿ ನಿಂತಾಗ ಹೇಳುತ್ತಾರೆ. ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ರಾತ್ರಿ ಅವನು ಮಲಗುವುದು ನಮ್ಮ ಕೋಣೆಯಲ್ಲೇ ತಾನೇ? ಸ್ವಲ್ಪ ಹೊತ್ತು ಒಬ್ಬನನ್ನೇ ಬಿಟ್ಟು ಹೋಗಬಹುದಾ? ನಾಯಿಗೆ ಬೇರೆ ದುಡ್ಡು ಇದೆಯಾ, ಇದ್ದರೆ ಒಂದು ರಾತ್ರಿಗಾ ಇಡೀ ವಾಸ್ತವ್ಯಕ್ಕಾ, ಡೆಪಾಸಿಟ್ ವಾಪಸ್ ಬರುತ್ತದಾ? ಬೆಳಗ್ಗೆ ಎದ್ದ ಕೂಡಲೇ ಅವನನ್ನು ಎಲ್ಲಿಗೆ ಕರೆದೊಯ್ಯಬೇಕು? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. 'ಹಿಂದುಗಡೆ ಹುಲ್ಲಿನ ಜಾಗ ಇದೆ, ಗೇಟ್ ಆರಕ್ಕೇ ತೆಗೀತೀವಿ' ಅಂತ ಥಟ್ಟನೆ ಹೇಳಿದರೆ ಅಲ್ಲಿ ಮೊದಲೇ ನಾಯಿಗಳು ಉಳಿದಿವೆ ಅಂತ ತಿಳಿಯಿರಿ. 'ಎಲ್ಲಾದ್ರೂ ಕರ್ಕೊಂಡು ಹೋಗಿ ಸಾರ್' ಅಂದರೆ ನಾನಾಗಿದ್ದರೆ ಬೇರೆ ಹೋಟೆಲ್ ನೋಡುತ್ತಿದ್ದೆ. ಅವರೇ ತಿರುಗಿ 'ನಿಮ್ಮ ನಾಯಿ ಬೇರೆ ನಾಯಿಗಳ ಜೊತೆ ಹೇಗೆ?' ಅಂತ ವಿಚಾರಿಸಿದರೆ ಕಣ್ಣುಮುಚ್ಚಿ ಬುಕ್ ಮಾಡಿ.

ಒಪ್ಪಿಕೊಂಡಿದ್ದನ್ನೆಲ್ಲ ಒಂದು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ನೆಲಮಹಡಿಯ ಕೋಣೆಯನ್ನೇ ಕೇಳಿ. ನಡುರಾತ್ರಿ ಹೊಟ್ಟೆ ಕೆಟ್ಟ ನಾಯಿಯನ್ನು ಹಿಡಿದು ಲಿಫ್ಟ್‌ಗಾಗಿ ಕಾದವರಿಗೇ ಅದರ ಬೆಲೆ ಗೊತ್ತು. ಹೋಟೆಲ್‌ನವರು ಹಾಕಿದ ಫೋಟೊಗಿಂತ ಅತಿಥಿಗಳು ಹಾಕಿದ ಫೋಟೊ ನೋಡಿ. ನುಣುಪಾದ ಟೈಲ್ಸ್, ಕಡಿದಾದ ಮೆಟ್ಟಿಲು, ಕಾಂಪೌಂಡ್ ಇದೆಯೋ ಇಲ್ಲವೋ, ಎಲ್ಲ ಅದರಲ್ಲಿ ಕಾಣುತ್ತದೆ.

ಇನ್ನು ಅಲ್ಲಿಗೆ ಹೋದ ಮೇಲೆ. ನಾಯಿಯನ್ನು ಸೀದಾ ಕೋಣೆಗೆ ನುಗ್ಗಿಸಬೇಡಿ. ಮನೆಯವರಲ್ಲಿ ಒಬ್ಬರು ಅವನನ್ನು ಹೊರಗೆ ಹತ್ತು ಹದಿನೈದು ನಿಮಿಷ ಸುತ್ತಾಡಿಸಲಿ. ಹಿಂದೆ ಉಳಿದ ನಾಯಿಯ ವಾಸನೆ ಕೋಣೆಯಲ್ಲಿ ಇದ್ದರೆ ಇವನೂ ಕಾಲೆತ್ತುತ್ತಾನೆ. ಹೊರಗೇ ಮುಗಿಸಿಕೊಂಡು ಬಂದರೆ ಆ ಭಯ ಕಡಿಮೆ. ಅಷ್ಟರಲ್ಲಿ ನೀವು ಒಳಗೆ ಹೋಗಿ ಮಂಡಿಯೂರಿ ಕೂತು, ನಾಯಿಯ ಎತ್ತರದಿಂದ ಕೋಣೆ ನೋಡಿ. ಮೊಬೈಲ್ ಟಾರ್ಚ್ ಹಾಕಿ ಮಂಚದ ಕೆಳಗೆ, ಸೋಫಾ ಸಂದಿಯಲ್ಲಿ ಹುಡುಕಿ. ಒಂದು ಸಲ ನಾನು ಹೀಗೆ ಬಗ್ಗಿದಾಗ ಮಂಚದ ಕಾಲಿನ ಹಿಂದೆ ನೋವಿನ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಎರಡು ಗುಳಿಗೆ ಹಾಗೇ ಇದ್ದವು, ಐಬುಪ್ರೊಫೆನ್. ಮನುಷ್ಯರಿಗೆ ತಲೆನೋವು ಕಳೆಯುವ ಆ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ನನ್ನ ಬೀಗಲ್ ಬಾಗಿಲಾಚೆ ಮೂಗು ಉಜ್ಜುತ್ತಾ ನಿಂತಿದ್ದಳು. ಅವತ್ತಿನಿಂದ ಈ ಹುಡುಕಾಟವನ್ನು ಒಮ್ಮೆಯೂ ತಪ್ಪಿಸಿಲ್ಲ.

ಇಲಿ ಪಾಷಾಣ ಇನ್ನೂ ಅಪಾಯ. ಸಾಮಾನ್ಯವಾಗಿ ಬಳಸುವ ಬಗೆಯ ಪಾಷಾಣ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತದೆ. ತಿಂದ ದಿನ ನಾಯಿ ಆರಾಮಾಗಿಯೇ ಓಡಾಡಿಕೊಂಡಿರುತ್ತದೆ, ಮೂರು ನಾಲ್ಕು ದಿನಕ್ಕೆ ಕುಸಿಯುತ್ತದೆ. ಹಾಗಾಗಿ 'ಕೋಣೆಯಲ್ಲಿ, ತೋಟದಲ್ಲಿ ಇಲಿ ಮದ್ದು ಇಟ್ಟಿದ್ದೀರಾ?' ಅಂತ ರಿಸೆಪ್ಷನ್‌ನಲ್ಲಿ ಕೇಳಿಬಿಡಿ. ಶುಗರ್‌ಫ್ರೀ ಚೂಯಿಂಗ್ ಗಮ್ ಬಿದ್ದಿದ್ದರೆ ಅದನ್ನೂ ಎತ್ತಿ ಎಸೆಯಿರಿ. ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇದ್ದರೆ ನಾಯಿಯ ರಕ್ತದ ಸಕ್ಕರೆ ಒಂದು ಗಂಟೆಯೊಳಗೇ ಪಾತಾಳಕ್ಕೆ ಇಳಿಯಬಹುದು.

ಮನೆಯಲ್ಲಿ ಅವನು ಮಲಗುವ ಚಾದರವನ್ನು ತೆಗೆದುಕೊಂಡು ಹೋಗಿ. ಹೊರಡುವ ಮುಂಚೆ ದಯವಿಟ್ಟು ಒಗೆಯಬೇಡಿ. ನಮಗೆ ಅದು ಕೊಳೆ ವಾಸನೆ, ಅವನಿಗೆ ಅದೇ ಮನೆ. ಹೊಸ ಕೋಣೆಯ ಮೂಲೆಯಲ್ಲಿ ಅದನ್ನು ಹಾಸಿ, ಸುಮ್ನೆ ನೋಡ್ತಾ ಕೂತ್ಕೊಳ್ಳಿ. ಮೊದಲು ಮೂಸುತ್ತಾನೆ, ಕಾಲಿನಿಂದ ಕೆರೆಯುತ್ತಾನೆ, ಎರಡು ಮೂರು ಸುತ್ತು ಸುತ್ತುತ್ತಾನೆ. ಆಮೇಲೆ ಉಸ್ಸಪ್ಪಾ ಅಂತ ಒಂದು ದೊಡ್ಡ ಉಸಿರು ಬಿಟ್ಟು ಗದ್ದ ಊರುತ್ತಾನೆ. ಆ ಉಸಿರು ಕೇಳಿದ ಮೇಲೆ ನೀವು ಬ್ಯಾಗ್ ಬಿಚ್ಚಬಹುದು.

ಊಟಕ್ಕೆ ಹೋಗುವಾಗ ನಾಯಿಯನ್ನು ಕೋಣೆಯಲ್ಲಿ ಬಿಟ್ಟರೆ ಬಾಗಿಲು ಕೆರೆದು ಬೊಗಳುತ್ತಾಳೆ. ಪಕ್ಕದ ಕೋಣೆಯವರು ದೂರು ಕೊಟ್ಟರು. ಏನು ಮಾಡಲಿ?

ಮೊದಲ ರಾತ್ರಿ ಬಿಟ್ಟು ಹೋಗಲೇಬೇಡಿ. ಅವಳ ಕಡೆಯಿಂದ ಯೋಚಿಸಿ: ಗುರುತಿಲ್ಲದ ಜಾಗ, ಕಾರಿಡಾರ್‌ನಲ್ಲಿ ಹೆಜ್ಜೆ ಸದ್ದು, ಲಿಫ್ಟ್ ಸದ್ದು, ಅದರ ಮೇಲೆ ನೀವೂ ಇಲ್ಲ. ಊಟವನ್ನು ಕೋಣೆಗೇ ತರಿಸಿಕೊಳ್ಳಿ.

ಒಬ್ಬಳೇ ಇರುವ ಅಭ್ಯಾಸ ಹೊರಡುವ ಮೂರು ನಾಲ್ಕು ವಾರ ಮೊದಲೇ ಮನೆಯಲ್ಲಿ ಶುರುವಾಗಬೇಕು. ಅವಳು ದಿನಾ ಇರದ ಒಂದು ಕೋಣೆಯಲ್ಲಿ ಅವಳು ಮಲಗುವ ಚಾದರ ಹಾಸಿ, ಜಗಿಯಲು ಏನಾದರೂ ಕೊಟ್ಟು, ಒಂದು ನಿಮಿಷ ಹೊರಗೆ ಹೋಗಿ ಬನ್ನಿ. ಆಮೇಲೆ ಎರಡು ನಿಮಿಷ, ಐದು ನಿಮಿಷ. ಅವಳು ಅಳಲು ಶುರು ಮಾಡುವ ಮೊದಲೇ ವಾಪಸ್ ಬರಬೇಕು, ಗುಟ್ಟು ಇರುವುದು ಅಲ್ಲೇ. ಹೋಗುವಾಗ ಬರುವಾಗ ಮುದ್ದಿನ ಗಲಾಟೆ ಬೇಡ. ಮನೆಯಲ್ಲೂ ಜೊಲ್ಲು ಸುರಿಸಿ, ಬಾಗಿಲು ಕಚ್ಚಿ, ಉಗುರು ಕಿತ್ತುಕೊಳ್ಳುವಷ್ಟು ಹೆದರುತ್ತಾಳೆ ಅಂದರೆ ಅದು ಹಟವಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ, ನಿಮ್ಮ ಪಶುವೈದ್ಯರಿಗೆ ತೋರಿಸಿ.

ಅವಳನ್ನು ಬಿಟ್ಟು ಹೋಗುವ ದಿನ 'ಡೋಂಟ್ ಡಿಸ್ಟರ್ಬ್' ಬೋರ್ಡ್ ನೇತುಹಾಕಿ, ರಿಸೆಪ್ಷನ್‌ಗೂ ಒಂದು ಮಾತು ಹೇಳಿ. ಕೋಣೆ ಗುಡಿಸಲು ಬಂದವರು ಬಾಗಿಲು ತೆಗೆದಾಗ ನಾಯಿ ಹೊರಗೆ ಓಡಿದ ಕಥೆಗಳನ್ನು ನಾನು ಬಹಳ ಕೇಳಿದ್ದೇನೆ. ಕಾಲರ್‌ನಲ್ಲಿ ನಿಮ್ಮ ಮೊಬೈಲ್ ನಂಬರ್ ಇರುವ ಬಿಲ್ಲೆ ಇರಲೇಬೇಕು.

ಎಂಟು ತಿಂಗಳ ಮರಿ. ಕಾರು ಹತ್ತಿದ ಅರ್ಧ ಗಂಟೆಗೆ ವಾಂತಿ. ದೂರದ ಪ್ರಯಾಣ ಬೇಡವೇ ಬೇಡ್ವಾ?

ಬೇಕು, ಆದರೆ ನಿಧಾನವಾಗಿ. ಮರಿಗಳ ಕಿವಿಯೊಳಗಿನ ಸಮತೋಲನದ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಎಷ್ಟೋ ಮರಿಗಳಿಗೆ ಒಂದು ವರ್ಷ ತುಂಬುವಷ್ಟರಲ್ಲಿ ತಾನಾಗಿ ಸರಿಹೋಗುತ್ತದೆ. ಈ ನಡುವೆ 'ಕಾರು ಅಂದರೆ ಸಂಕಟ' ಅನ್ನುವುದು ಅವನ ತಲೆಯಲ್ಲಿ ಕೂರದಂತೆ ನೋಡಿಕೊಳ್ಳಬೇಕು. ನಿಂತ ಕಾರಿನಲ್ಲಿ ಕೂರಿಸಿ ಆಟವಾಡಿಸಿ. ಆಮೇಲೆ ಐದು ನಿಮಿಷದ ಸವಾರಿ, ಕೊನೆಗೆ ಅವನಿಗೆ ಇಷ್ಟವಾದ ಜಾಗ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಮಾತ್ರ ಕೊಡಿ. ಕಿಟಕಿ ಸ್ವಲ್ಪ ಇಳಿಸಿರಲಿ, ಆದರೆ ತಲೆ ಹೊರಗೆ ಹಾಕಲು ಬಿಡಬೇಡಿ, ಕಣ್ಣಿಗೆ ಕಸ ಹೊಡೆಯುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಮ್ಯಾರೊಪಿಟಂಟ್ ಎಂಬ ಮಾತ್ರೆ ಇದೆ. ಡೋಸ್ ಅನ್ನು ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ, ಹೊರಡುವ ಎರಡು ಗಂಟೆ ಮೊದಲು ಕೊಡಬೇಕು. ಮನೆಯಲ್ಲಿರುವ ನಿದ್ದೆ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಕೆಲಸ ಮಾತ್ರ ಬೇಡ.

ಹಿಂದಿನ ಸೀಟಿನಲ್ಲಿ ಹಾರ್ನೆಸ್ ಹಾಕಿ ಸೀಟ್ ಬೆಲ್ಟ್‌ಗೆ ಸಿಕ್ಕಿಸಿ, ಇಲ್ಲವೇ ಕ್ರೇಟ್‌ನಲ್ಲಿ, ಅಂದರೆ ಗಾಳಿಯಾಡುವ ಗಟ್ಟಿ ಪೆಟ್ಟಿಗೆಯಲ್ಲಿ ಕೂರಿಸಿ. ಮುಂದಿನ ಸೀಟು ಬೇಡ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮರಿ ಉಳಿಯುವುದು ಕಷ್ಟ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ನಿಲ್ಲಿಸಿದಾಗ ಲೀಶ್ ಹಾಕಿದ ಮೇಲೆಯೇ ಕಾರಿನ ಬಾಗಿಲು ತೆಗೆಯಿರಿ.

ಕಾರಿನೊಳಗೆ ಬಿಟ್ಟು ಹೋಗುವ ವಿಚಾರದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಹೊರಗೆ 24 ಡಿಗ್ರಿ ಇದ್ದ ದಿನ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಡಿಗ್ರಿ ಆಗುತ್ತದೆ. ಕಿಟಕಿ ಎರಡು ಬೆರಳು ಇಳಿಸಿದರೂ ದೊಡ್ಡ ವ್ಯತ್ಯಾಸವಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಒಳಗಿನ ಗಾಳಿಯೇ ಬಿಸಿಯಾದರೆ ತೇಕಿ ಏನು ಪ್ರಯೋಜನ? ಅದರ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ. 41 ದಾಟಿದರೆ ಜೀವಕ್ಕೇ ಕುತ್ತು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಇನ್ನೂ ಬೇಗ. ನಾಯಿ ತೂರಾಡುತ್ತಿದ್ದರೆ, ಒಸಡು ಕೆಂಪಗೆ ಕಂಡರೆ, ಅಲ್ಲೇ ನೆರಳಿಗೆ ತಂದು ತಣ್ಣೀರು ಸುರಿದು ಗಾಳಿ ಹಾಕಿ. ತಂಪು ಮಾಡುತ್ತಲೇ ಆಸ್ಪತ್ರೆಗೆ ಓಡಿ.

ಡಾಗ್ ಪಾರ್ಕ್‌ನಲ್ಲಿ ನಮ್ಮವನು ಹೆದರಿ ನನ್ನ ಕಾಲ ಸಂದಿಯಲ್ಲಿ ಅಡಗುತ್ತಾನೆ. ಬಲವಂತವಾಗಿ ಆಡಿಸಬೇಕಾ? ಇನ್ನೊಂದು, ಎಷ್ಟೋ ಅಭಯಾರಣ್ಯಗಳಲ್ಲಿ ನಾಯಿ ಬಿಡುವುದೇ ಇಲ್ಲ, ಯಾಕೆ?

ಬಲವಂತ ಬೇಡ. ಎಲ್ಲ ನಾಯಿಗೂ ಡಾಗ್ ಪಾರ್ಕ್ ಹಿಡಿಸಲೇಬೇಕು ಅಂತೇನಿಲ್ಲ. ಹೊಸ ಊರಿನ ಪಾರ್ಕ್‌ಗೆ ಹೋದಾಗ ಹತ್ತು ನಿಮಿಷ ಬೇಲಿಯ ಹೊರಗೇ ನಿಲ್ಲಿ. ಒಳಗಿರುವ ನಾಯಿಗಳು ಮುಂಗಾಲು ಮಡಚಿ, ಹಿಂಭಾಗ ಎತ್ತಿ ಕರೆಯುತ್ತಿವೆಯಾ? ಓಡಿಸುವವನು, ಓಡುವವನು ಆಗಾಗ ಬದಲಾಗುತ್ತಿದ್ದಾರಾ? ಹಾಗಿದ್ದರೆ ಅದು ಆಟ. ಒಂದನ್ನೇ ನಾಲ್ಕು ಸೇರಿ ಮೂಲೆಗೆ ತಳ್ಳುತ್ತಿದ್ದರೆ, ಯಜಮಾನರೆಲ್ಲ ಫೋನ್ ನೋಡುತ್ತಾ ಕೂತಿದ್ದರೆ, ತಿರುಗಿ ಬನ್ನಿ. ನಿಮ್ಮವನ ಮುಖವನ್ನೂ ನೋಡುತ್ತಿರಿ. ನಿದ್ದೆ ಬರದಿದ್ದರೂ ಆಕಳಿಸುವುದು, ಸುಮ್ನೆ ತುಟಿ ನೆಕ್ಕುವುದು, ಬಾಲವನ್ನು ಹೊಟ್ಟೆಯಡಿ ಸೇರಿಸುವುದು, ಇವೆಲ್ಲ 'ಸಾಕು, ಹೋಗೋಣ' ಅನ್ನುವ ಮಾತು. ಇಂಥವನಿಗೆ ಜನ ಕಡಿಮೆ ಇರುವ ಹೊತ್ತಿನಲ್ಲಿ, ಉದ್ದನೆಯ ಲೀಶ್ ಹಿಡಿದು, ಮೂಸುತ್ತಾ ನಡೆಯುವುದೇ ದೊಡ್ಡ ಹಬ್ಬ. ಮೂಸುವುದಕ್ಕೆ ಬಿಡಿ, ಎಳೆಯಬೇಡಿ. ಬಿಸಿಲಿದ್ದರೆ ಅಂಗೈಯ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ಅವನ ಪಾದಕ್ಕೂ ಆಗುವುದಿಲ್ಲ.

ಅಭಯಾರಣ್ಯದ ನಿಯಮದ ಬಗ್ಗೆ ಬೇಸರ ಬೇಡ. ನಾನಂತೂ ಅದರ ಪರ. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಡಿಸ್ಟೆಂಪರ್ ವೈರಸ್ ಬಂದು ಸುಮಾರು ಮೂರನೇ ಒಂದು ಭಾಗದಷ್ಟು ಸಿಂಹಗಳು ಸತ್ತವು. ಅದು ನಾಯಿಗಳಿಗೆ ಬರುವ ರೋಗ. ಸುತ್ತಲಿನ ಸಾಕುನಾಯಿಗಳತ್ತಲೇ ವಿಜ್ಞಾನಿಗಳು ಬೊಟ್ಟು ಮಾಡಿದರು. ರೋಗ ಇಲ್ಲದಿದ್ದರೂ ನಾಯಿಯ ವಾಸನೆ ಜಿಂಕೆಗೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗೆ ಬೇಟೆಗಾರನ ವಾಸನೆಯೇ. ಕಾಡಿಗೆ ಹೋಗುವ ದಿನ ಹೋಟೆಲ್‌ನಲ್ಲಿ ಒಬ್ಬರು ನಾಯಿ ಜೊತೆ ಇರಿ, ಉಳಿದವರು ಕಾಡು ನೋಡಿ ಬನ್ನಿ. ಮರುದಿನ ಅದಲು ಬದಲು ಮಾಡಿಕೊಳ್ಳಿ.

ಹತ್ತು ವಾರದ ಮರಿಯನ್ನು ಪ್ರವಾಸಕ್ಕೆ, ಪಾರ್ಕ್‌ಗೆ ಕರೆದೊಯ್ಯಬಹುದಾ?

ಪಾರ್ಕ್‌ಗೆ ಬೇಡ. ಮರಿಗಳಿಗೆ ವಾಂತಿ, ರಕ್ತಭೇದಿ ತರಿಸುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳಿದ್ದರೆ ವರ್ಷದವರೆಗೂ ಜೀವಂತವಾಗಿರುತ್ತದೆ. ಮರಿಗಳ ಲಸಿಕೆಯ ಸರಣಿ ಮುಗಿಯುವುದೇ 16 ವಾರದ ಹೊತ್ತಿಗೆ. ಕೊನೆಯ ಇಂಜೆಕ್ಷನ್ ಆಗಿ ಎರಡು ವಾರ ಕಳೆಯಲಿ. ಅಲ್ಲಿಯವರೆಗೆ ಎತ್ತಿಕೊಂಡು ಲೋಕ ತೋರಿಸಿ, ನೆಲಕ್ಕೆ ಬಿಡಬೇಡಿ.

ನಾಯಿ ಜೊತೆ ಯುರೋಪ್‌ಗೆ ಹೋಗುವ ಆಸೆ. ಎಷ್ಟು ಮೊದಲೇ ತಯಾರಿ ಬೇಕು?

ಆರೇಳು ತಿಂಗಳು ಇಟ್ಟುಕೊಳ್ಳಿ. ಮೊದಲು ಚರ್ಮದಡಿ ಹಾಕುವ, 15 ಅಂಕಿಯ ಗುರುತಿನ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಈ ಕ್ರಮ ತಿರುವುಮುರುವಾದರೆ ಆ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ, ಮತ್ತೆ ಹಾಕಿಸಬೇಕು. ಮೊದಲ ಲಸಿಕೆ ಹಾಕಿಸಿ 21 ದಿನ ಆಗುವವರೆಗೆ ಪ್ರಯಾಣವಿಲ್ಲ. ನೀವು ಹೊರಡುವ ದೇಶ ಯುರೋಪಿಯನ್ ಒಕ್ಕೂಟ ಒಪ್ಪಿದ ದೇಶಗಳ ಪಟ್ಟಿಯಲ್ಲಿ ಇಲ್ಲದಿದ್ದರೆ, ಲಸಿಕೆ ಆಗಿ ಕನಿಷ್ಠ 30 ದಿನದ ನಂತರ ರಕ್ತ ಪರೀಕ್ಷೆ ಮಾಡಿಸಬೇಕು. ರೇಬೀಸ್ ವಿರುದ್ಧದ ಶಕ್ತಿ ಒಂದು ಮಿಲಿಲೀಟರ್‌ಗೆ 0.5 ಯುನಿಟ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ವಿಮಾನದ ಕ್ರೇಟ್ ಅನ್ನು ಮೊದಲ ವಾರವೇ ಕೊಂಡು, ಬಾಗಿಲು ತೆಗೆದು ಮನೆಯ ನಡುವೆ ಇಡಿ. ಹೊರಡುವ ದಿನದ ಹೊತ್ತಿಗೆ ಅದು ಅವನ ಹಾಸಿಗೆಯಾಗಿರಬೇಕು. ನಾಯಿ ಅದರಲ್ಲಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟು ದೊಡ್ಡದಿರಲಿ. ವಿಮಾನ ಪ್ರಯಾಣಕ್ಕೆ ಮಂಪರು ಬರಿಸುವ ಔಷಧ ಕೊಡಬೇಡಿ, ರಕ್ತದ ಒತ್ತಡ, ಉಸಿರಾಟ ಏರುಪೇರಾದರೆ ನೋಡುವವರು ಯಾರೂ ಇರುವುದಿಲ್ಲ.

ಹದಿಮೂರು ವರ್ಷದ ಮುದುಕ. ಕೀಲು ನೋವು ಇದೆ. ಅವನನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಕರೆದೊಯ್ಯಲು ಭಯ.

ಎರಡು ಗಂಟೆ ದೂರದ, ಒಂದೇ ಕಡೆ ಉಳಿಯುವ ಪ್ರವಾಸವಾದರೆ ಕರೆದುಕೊಂಡು ಹೋಗಿ. ದಿನಕ್ಕೊಂದು ಊರು ಅನ್ನುವುದಾದರೆ ಬೇಡ. ಅವನಿಗೆ ಗೊತ್ತಿರುವ ಒಬ್ಬರು ನಿಮ್ಮ ಮನೆಗೇ ಬಂದು ಉಳಿದರೆ ಅವನು ತನ್ನ ಮೂಲೆಯಲ್ಲಿ ನೆಮ್ಮದಿಯಾಗಿರುತ್ತಾನೆ. ಅದಕ್ಕಾಗಿ ನೀವು ನೊಂದುಕೊಳ್ಳಬೇಕಾಗಿಲ್ಲ.

ಕರೆದೊಯ್ಯುವುದಾದರೆ ಹೊರಡುವ ವಾರ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ಟೈಲ್ಸ್ ಮೇಲೆ ಹಾಸಲು ಎರಡು ಯೋಗ ಮ್ಯಾಟ್ ಇಟ್ಟುಕೊಳ್ಳಿ, ಹಿಂಗಾಲು ಜಾರುವುದಿಲ್ಲ. ಕಾರಿಗೆ ಎತ್ತುವಾಗ ಎದೆಯ ಕೆಳಗೊಂದು ಕೈ, ಹಿಂಭಾಗದ ಕೆಳಗೊಂದು ಕೈ. ಅವನ ಮಾತ್ರೆಗಳನ್ನು ಎರಡು ದಿನಕ್ಕಾಗುವಷ್ಟು ಜಾಸ್ತಿ ತೆಗೆದುಕೊಂಡು, ಎರಡು ಬೇರೆ ಬೇರೆ ಬ್ಯಾಗ್‌ಗಳಲ್ಲಿ ಇಡಿ. ಉಳಿಯುವ ಜಾಗಕ್ಕೆ ಹತ್ತಿರದ, ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆಯ ನಂಬರ್ ಅನ್ನು ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ.