ಪುಕ್ಕಟೆ ಹಂಚಿದರೂ ಪರ್ಮಿಟ್ ಬೇಕೇ?

ಭಾನುವಾರ ಪಾರ್ಕಿನಲ್ಲಿ ಕಂಡಕಂಡವರಿಗೆ, ಸುಮಾರು 50 ಜನಕ್ಕೆ, ಮನೆಯಲ್ಲೇ ಮಾಡಿದ ಪುಳಿಯೋಗರೆ, ಮೊಸರನ್ನ ಹಂಚಬೇಕು ಅಂತಿದ್ದೀರಿ. ದುಡ್ಡು ತಗೊಳ್ಳದ ಮೇಲೆ ಯಾರೇನು ಕೇಳುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಕೇಳುತ್ತಾರೆ. ಇಲ್ಲಿನ ಆಹಾರ ಕಾನೂನಿಗೆ ನೀವು ಮಾರಿದಿರೋ ಸುಮ್ಮನೆ ಕೊಟ್ಟಿರೋ ಮುಖ್ಯವಲ್ಲ. ತಿಂದವರು ಯಾರು, ಬೇಯಿಸಿದ್ದು ಎಲ್ಲಿ ಅನ್ನುವುದು ಮುಖ್ಯ. ನೀವು ಕರೆದ ನೆಂಟರಿಷ್ಟರು ಉಂಡರೆ ಅದು ಖಾಸಗಿ ಊಟ. ದಾರಿಹೋಕರಿಗೆ ಕೊಟ್ಟರೆ ಸಾರ್ವಜನಿಕರಿಗೆ ಬಡಿಸಿದ ಹಾಗೆ, ಅದಕ್ಕೆ ಮನೆಯ ಅಡುಗೆ ನಡೆಯುವುದಿಲ್ಲ.

"ದೇವಸ್ಥಾನಗಳಿಗೆ ವಿನಾಯಿತಿ ಇದೆಯಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇದೆ, ಆದರೆ ಅವರು ಹೇಳುವುದು ಅರ್ಧ ಮಾತ್ರ. ಧಾರ್ಮಿಕ ಅಥವಾ ಲಾಭರಹಿತ ಸಂಸ್ಥೆ ತನ್ನ ಸದಸ್ಯರಿಗೆ, ಅವರ ಅತಿಥಿಗಳಿಗೆ, 90 ದಿನಗಳಲ್ಲಿ 3 ದಿನ ಮೀರದಂತೆ ಊಟ ಹಾಕಬಹುದು. ಸಾರ್ವಜನಿಕರು ಅದರಲ್ಲಿ ಬರುವುದಿಲ್ಲ. 1996ರ ಗುಡ್ ಸಮಾರಿಟನ್ ಕಾಯ್ದೆಯ ಹೆಸರನ್ನೂ ಎತ್ತುತ್ತಾರೆ. ಸದ್ಭಾವದಿಂದ ಲಾಭರಹಿತ ಸಂಸ್ಥೆಗೆ ಆಹಾರ ಕೊಟ್ಟವರನ್ನು ಮೊಕದ್ದಮೆಯಿಂದ ಕಾಪಾಡುವ ಕಾಯ್ದೆ ಅದು. ಆರೋಗ್ಯ ನಿಯಮಗಳನ್ನು ಅದು ಕೈಬಿಡುವುದಿಲ್ಲ.

ದಾರಿ ಇಷ್ಟು: ನಿಮ್ಮ ಕೌಂಟಿಯ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ (ಆಹಾರದ ಶುಚಿತ್ವ ನೋಡುವವರು ಇವರೇ) ಇಮೇಲ್ ಬರೆದು ಟೆಂಪರರಿ ಫುಡ್ ಫೆಸಿಲಿಟಿ ಪರ್ಮಿಟ್, ಅಂದರೆ ತಾತ್ಕಾಲಿಕವಾಗಿ ಆಹಾರ ಬಡಿಸುವ ಪರವಾನಗಿಯ ಬಗ್ಗೆ ಕೇಳಿ. ಫೋನ್ ಬೇಡ, ಉತ್ತರ ಬರಹದಲ್ಲಿರಲಿ. ಪಾರ್ಕಿನ ಅನುಮತಿ ಬೇರೆ, ಅದನ್ನು ಕೊಡುವವರೂ ಬೇರೆ. ಪರ್ಮಿಟ್ ಇರುವ ಅಡುಗೆಮನೆಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಅಲ್ಲೇ ಬೇಯಿಸಿ.

ಎಡವುವುದು ಹೆಚ್ಚಾಗಿ ಅನ್ನದಲ್ಲಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಷ್ಟು ಹೊತ್ತೂ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದಕ್ಕೇ ನಿಯಮ: ಬಿಸಿಯದ್ದು 135 ಡಿಗ್ರಿ ಫ್ಯಾರನ್‌ಹೀಟ್ (57 ಸೆಲ್ಸಿಯಸ್) ಮೇಲಿರಲಿ, ತಣ್ಣಗಿನದ್ದು 41 (5 ಸೆಲ್ಸಿಯಸ್) ಕೆಳಗಿರಲಿ. ಆರಿಸುವಾಗ 135ರಿಂದ 70ಕ್ಕೆ 2 ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 41ಕ್ಕೆ ಇನ್ನು 4 ಗಂಟೆ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತುರುಕಿದರೆ ಅಂಚು ತಣ್ಣಗಾದರೂ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಪಕ್ಕದ ಹಾಲೂ ಬಿಸಿಯಾಗುತ್ತದೆ. ಅಗಲ ತಟ್ಟೆಗಳಲ್ಲಿ 2 ಇಂಚು ಮೀರದಂತೆ ಹರಡಿ, ಅಡಿಗೆ ಐಸ್ ನೀರು ಇಡಿ, ಚುಚ್ಚುವ ಥರ್ಮಾಮೀಟರನ್ನು ನಟ್ಟನಡುವೆ ಇಳಿಸಿ ನೋಡಿ. ಥರ್ಮಾಮೀಟರ್ ಸರಿಯಿದೆಯೇ ಅಂತ ತಿಳಿಯಲು ಐಸ್ ನೀರಿನಲ್ಲಿ ಅದ್ದಿ: 32 ತೋರಿಸಬೇಕು.

ಮೊಸರನ್ನಕ್ಕೆ ಅನ್ನ ಪೂರ್ತಿ ತಣಿದ ಮೇಲೆ ತಣ್ಣನೆಯ ಮೊಸರು ಬೆರೆಸಿ. ಬಿಸಿ ಅನ್ನಕ್ಕೇ ಕಲಸಿದರೆ ನೇರ ಅಪಾಯದ ಶಾಖದಲ್ಲೇ ಕೂರುತ್ತದೆ. ಪುಳಿಯೋಗರೆಯಲ್ಲಿ ಹುಣಸೆ ಇದೆ, ಕೆಡುವುದಿಲ್ಲ ಅನ್ನುವ ನಮ್ಮ ವಾದವನ್ನು ಕೌಂಟಿಯ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ. ಬೆಂದ ಅನ್ನ ಅವರ ಪಾಲಿಗೆ ಕೆಡುವ ಪದಾರ್ಥವೇ.

ಬಡಿಸುವ ಜಾಗದಲ್ಲಿ ಕೈ ತೊಳೆಯುವ ವ್ಯವಸ್ಥೆ ಕೇಳುತ್ತಾರೆ: ಕೈಯಲ್ಲಿ ಒತ್ತಿ ಹಿಡಿಯದಿದ್ದರೂ ತೆರೆದೇ ಇರುವ ನಲ್ಲಿಯ ನೀರಿನ ಕ್ಯಾನು, ಕೆಳಗೊಂದು ಬಕೆಟ್, ದ್ರವ ಸೋಪು, ಪೇಪರ್ ಟವೆಲ್. ಸ್ಯಾನಿಟೈಸರ್ ಬಾಟಲಿ ಇದಕ್ಕೆ ಬದಲಿಯಲ್ಲ. ತೊಳೆಯದ ಕೈಗೆ ಗ್ಲೌಸ್ ಹಾಕಿಕೊಂಡೂ ಪ್ರಯೋಜನವಿಲ್ಲ.

ಅಲರ್ಜಿ ಚೀಟಿಯನ್ನು ದೊಡ್ಡಕ್ಷರದಲ್ಲಿ ಬರೆದು ಪಾತ್ರೆಯ ಮುಂದಿಡಿ. ಕಡಲೆಕಾಯಿ, ಗೋಡಂಬಿ, ಹಾಲು ನೆನಪಿರುತ್ತವೆ. ಎಳ್ಳು ಮರೆತುಹೋಗುತ್ತದೆ, 2023ರಿಂದ ಅದೂ ಅಮೆರಿಕದ ಮುಖ್ಯ ಅಲರ್ಜಿಗಳ ಪಟ್ಟಿಯಲ್ಲಿ 9ನೆಯದು. ಹಿಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ, ಅನೇಕ ಪುಡಿ ಹಿಂಗುಗಳಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ.