ಇಂಗ್ಲೆಂಡಿನ ಫುಟ್‌ಬಾಲ್‌ನ ಕೆಳ ಲೀಗ್‌ಗಳ ಕಪ್‌ನಲ್ಲಿ ದೊಡ್ಡ ಕ್ಲಬ್‌ಗಳ ಯುವ ತಂಡಗಳು ಆಡುವುದನ್ನು ಅಭಿಮಾನಿಗಳು ಏಕೆ ವಿರೋಧಿಸುತ್ತಾರೆ?

ಸಣ್ಣ ಕ್ಲಬ್‌ಗಳಿಗೆ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಫೈನಲ್ ಆಡುವ ಅಪರೂಪದ ಅವಕಾಶ ನೀಡುವ ಇಎಫ್‌ಎಲ್ (ಇಂಗ್ಲಿಷ್ ಫುಟ್‌ಬಾಲ್ ಲೀಗ್) ಟ್ರೋಫಿ ಎಂಬ ಈ ಕಪ್ ಶ್ರೀಮಂತ ಕ್ಲಬ್‌ಗಳ ಅಭ್ಯಾಸದ ಅಂಗಳವಾಗುತ್ತಿದೆ ಎಂಬ ನೋವು ಮತ್ತು ಈ ಯುವ ತಂಡಗಳನ್ನು ಮುಂದೆ ಲೀಗ್‌ಗೇ ಸೇರಿಸಬಹುದೆಂಬ ಆತಂಕ ಇದಕ್ಕೆ ಕಾರಣ.

ಈ ಆತಂಕ ಆಧಾರರಹಿತವಲ್ಲ. 2014ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆಯ ಆಯೋಗವೊಂದು ದೊಡ್ಡ ಕ್ಲಬ್‌ಗಳ ಎರಡನೆಯ ತಂಡಗಳಿಗೂ ಸ್ಥಾನವಿರುವ ಹೊಸ ಲೀಗ್ ಒಂದನ್ನು ಪ್ರಸ್ತಾಪಿಸಿತ್ತು. ವಿರೋಧದಿಂದಾಗಿ ಅದು ಜಾರಿಗೆ ಬರಲಿಲ್ಲ. ಎರಡೇ ವರ್ಷಗಳಲ್ಲಿ, ಮೂರನೆಯ ಮತ್ತು ನಾಲ್ಕನೆಯ ಹಂತದ ಕ್ಲಬ್‌ಗಳಿಗೆಂದೇ ಇದ್ದ ಈ ಟ್ರೋಫಿಗೆ 16 ಯುವ ತಂಡಗಳು ಬಂದಾಗ, ಅದನ್ನು ಹಿಂಬಾಗಿಲ ಪ್ರವೇಶವೆಂದೇ ಭಾವಿಸಿದ ಅನೇಕರು ಪಂದ್ಯಗಳನ್ನು ಬಹಿಷ್ಕರಿಸಿದರು.

ಇಂಗ್ಲೆಂಡಿನಲ್ಲಿ ಲೀಗ್‌ನ ಸ್ಥಾನವನ್ನು ಗೆದ್ದೇ ಪಡೆಯಬೇಕು, ಸೋತರೆ ಕಳೆದುಕೊಳ್ಳಬೇಕು. ಊರಿನ ಕ್ಲಬ್ಬಿನ ಮೇಲಿನ ಅಭಿಮಾನ ನಿಂತಿರುವುದೇ ಈ ಏರಿಳಿತದ ಮೇಲೆ. ತನ್ನದೇ ಊರಾಗಲಿ, ಬೆಂಬಲಿಗರಾಗಲಿ ಇಲ್ಲದ ಯುವ ತಂಡದ ಎದುರಿನ ಪಂದ್ಯಕ್ಕೆ ಆ ತೂಕವಿರುವುದಿಲ್ಲ.

ನಿಯಮಗಳೂ ಅಸಮಾಧಾನವನ್ನು ಹೆಚ್ಚಿಸಿದವು. 2016-17ರಲ್ಲಿ ಲೂಟನ್ ಕ್ಲಬ್ ತನ್ನ ಎಳೆಯ ಆಟಗಾರರನ್ನೇ ಕಣಕ್ಕಿಳಿಸಿದಾಗ, ಪೂರ್ಣ ಸಾಮರ್ಥ್ಯದ ತಂಡ ಆಡಿಸಲಿಲ್ಲವೆಂದು ಅದಕ್ಕೆ 15,000 ಪೌಂಡ್ ದಂಡ ಬಿತ್ತು. ಯುವಕರನ್ನು ಬೆಳೆಸಲೆಂದು ಬದಲಿಸಿದ ಟೂರ್ನಿಯಲ್ಲಿ ಇದು ಅನ್ಯಾಯವೇ ಸರಿ.

ಅನುಭವಿಗಳ ಎದುರು ಆಡುವುದರಿಂದ ಯುವಕರು ಕಲಿಯುತ್ತಾರೆಂಬ ಸಮರ್ಥನೆ ನಿಜವೇ; ಆದರೆ ಕೆಳ ಹಂತದ ಕ್ಲಬ್‌ಗಳಿಗೆ ಎರವಲು ಹೋಗಿ ಆಡಿದರೂ ಆ ಅನುಭವ ದೊರೆಯುತ್ತದೆ.